ಅಡಿಗೆಯಾಕೆಯನ್ನು ಕಾಕು ಎಂದು ಕರೆದದ್ದು

ಪುಣೆಗೆ ಬಂದ ಹೊಸದರಲ್ಲಿ ನನ್ನ ಕಿವಿಗೆ ಒರಟಾಗಿ ಕೇಳಿದ ಶಬ್ದಗಳಲ್ಲಿ 'ಮೋಲಕರೀಣ' ಒಂದು. ಮೋಲ ಅಂದರೆ ಬೆಲೆ. ಬೆಲೆಗೆ ಕೆಲಸ ಮಾಡುವವಳು ಮೋಲಕರೀಣ. ನಾವು ಬಾಡಿಗೆಗಿದ್ದ, ಹತ್ತಾರು ಸಂಸಾರಗಳ ವಾಡೆಗೆ ಭಾಂಡಿ, ಅಂದರೆ ಪಾತ್ರೆ, ತಿಕ್ಕಲು ಬರುತ್ತಿದ್ದ ಹೆಂಗಸನ್ನು ಎಲ್ಲರೂ ಆಕೆಯ ಎದುರಿಗೇ ಹಾಗೆ ಅನ್ನುತ್ತಿದ್ದರು. ಆಕೆಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ನನಗೇ ಬೇಸರ. ಧಾರವಾಡದ ನನ್ನ ತವರಿನಲ್ಲಿ ಕಸ ಗುಡಿಸುವವಳು ಅಕ್ಕ, ಹಾಲು ಹಿಂಡುವವನು ಕಾಕಾ. 'ತಾ ಮಾಡುವುದು ಉತ್ತಮ, ಆಳು ಮಾಡುವುದು ಹಾಳು' ಎಂಬ ಗಾದೆಯನ್ನು ಯಾರಾದರೂ ಕೆಲಸದವರ ಮುಂದೆ ಅಂದರೆ ನಮ್ಮ ತಂದೆ ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಅಂಥ ಮನೆಯಿಂದ ಬಂದವಳೆಂಬ ಜಂಬ ನನಗೆ ಬೇಕಾದಷ್ಟಿತ್ತು. ಆ ಜಂಬ ಕೊನೆಗೆ ಯಾರ ತಲೆಯ ಮೇಲೆ ಬಿತ್ತು ಎಂಬುದನ್ನು ಈ ವಯಸ್ಸಿನಲ್ಲಾದರೂ ಹೇಳಿಬಿಡಬೇಕು.

ಮೋಲಕರೀಣಿಗೆ ಒಂದು ಹಕ್ಕಿತ್ತು. ಕೆಲಸಕ್ಕೆ ಬಾರದ ದಿನಕ್ಕೆ ಪುಣೆಯಲ್ಲಿ ಖಾಡಾ ಅನ್ನುತ್ತಾರೆ. ತಿಂಗಳಿಗೆ ಒಂದೆರಡು ಸಲ ಆಕೆ ಹೊಸ್ತಿಲಲ್ಲಿ ನಿಂತು, ಸೀರೆಯ ಕಚ್ಚೆಗೆ ಕೈ ಒರೆಸಿಕೊಂಡು, "ಉದ್ಯಾ ಖಾಡಾ" ಎಂದು ಹೇಳಿ ಹೊರಟುಬಿಡುತ್ತಿದ್ದಳು. ಕೇಳುತ್ತಿರಲಿಲ್ಲ, ಹೇಳುತ್ತಿದ್ದಳು. ನಾಳೆ ಖಾಡಾ ಅಂದರೆ ನಾಳೆ ಖಾಡಾ. ಅತ್ತೆ ಆಕೆಯ ಬೆನ್ನ ಹಿಂದೆ ಎಷ್ಟು ಗೊಣಗಿದರೂ ಮರುದಿನ ಭಾಂಡಿಯನ್ನು ನಾನೇ ತಿಕ್ಕಬೇಕಾಗುತ್ತಿತ್ತು. ಆಗ ನನಗೆ ಅದು ಉದ್ಧಟತನವೆಂದೇ ಕಾಣುತ್ತಿತ್ತು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮೊದಲಿನ ಮಾತು. ನನ್ನ ಗಂಡ ಖಡಕಿಯ ಮದ್ದುಗುಂಡಿನ ಕಾರಖಾನೆಯಲ್ಲಿ ಗುಮಾಸ್ತರು. ಬೆಳಿಗ್ಗೆ ಏಳಕ್ಕೆ ಉಂಡು ಸೈಕಲ್ ಹತ್ತಬೇಕು. ಅತ್ತೆಯ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿ, ಹಿಟ್ಟು ನಾದುವುದೂ ಆಗುತ್ತಿರಲಿಲ್ಲ. ನಾನು ಹದಿನೇಳರ ಹುಡುಗಿ, ಅಡಿಗೆಯಲ್ಲಿ ಅಷ್ಟಕ್ಕಷ್ಟೆ. ಹೀಗಾಗಿ ಮಡಿಯ ಅಡಿಗೆಗೆ ಒಬ್ಬ ಹೆಂಗಸನ್ನು ಗೊತ್ತುಮಾಡಿದ್ದರು. ಅಥಣಿ ಕಡೆಯ ವಿಧವೆ, ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಟ್ಟವಳು, ನಲವತ್ತರ ಆಸುಪಾಸು. ಎರಡು ಓಣಿ ಆಚೆ ಒಂದು ವಾಡೆಯಲ್ಲಿ ಮೆಟ್ಟಿಲ ಕೆಳಗಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದಳು. ನಸುಕಿನಲ್ಲಿ ಬಂದು, ನಮ್ಮ ಹಿತ್ತಲ ನಳದಲ್ಲಿ ಮಿಂದು ಒಲೆ ಹೊತ್ತಿಸುತ್ತಿದ್ದಳು. ರಾತ್ರಿಯ ಊಟಕ್ಕೆ ಮಾಡಿಟ್ಟು ದೀಪ ಹಚ್ಚುವ ಹೊತ್ತಿಗೆ ತನ್ನ ಕೋಣೆಗೆ ಹೋಗುತ್ತಿದ್ದಳು.

ಆಕೆಗೂ ಖಾಡಾ ಇತ್ತು, ಪಂಚಾಂಗ ನೋಡಿ ಗೊತ್ತುಮಾಡಿದ ಖಾಡಾ. ನಮ್ಮ ಮನೆಯಲ್ಲಿ ಏಕಾದಶಿಗೆ ಒಲೆ ಹೊತ್ತುವುದಿಲ್ಲ. ತಿಂಗಳಿಗೆ ಎರಡು ಏಕಾದಶಿ. ಆ ಎರಡು ದಿನ ಆಕೆ ಬೆಳಗಿನ ಗಾಡಿ ಹಿಡಿದು ತಳೇಗಾಂವಕ್ಕೆ ಹೋಗಿ, ಸಂಜೆಯ ಗಾಡಿಗೆ ಮರಳುತ್ತಿದ್ದಳು. ದ್ವಾದಶಿಯ ಪಾರಣೆ ಸೂರ್ಯ ಹುಟ್ಟುವ ಹೊತ್ತಿಗೆ ಆಗಬೇಕಲ್ಲ. ತಳೇಗಾಂವದಲ್ಲಿ ಆಕೆಯ ಮಗಳು ಇದ್ದಳು, ಒಬ್ಬಳೇ ಮಗಳು. ಅಳಿಯ ಅಲ್ಲಿ ಪೂಜೆ ಪುನಸ್ಕಾರ ಮಾಡಿಕೊಂಡಿದ್ದ. ಏಕಾದಶಿಯ ಹಿಂದಿನ ದಿನ ಆಕೆಯ ಕೈಯ ಪಲ್ಯಕ್ಕೆ ಉಪ್ಪು ಹೆಚ್ಚು ಬೀಳುತ್ತಿತ್ತು. ಮನಸ್ಸು ಆಗಲೇ ಸ್ಟೇಶನ್ನಿಗೆ ಹೋಗಿರುತ್ತಿತ್ತು. ಅತ್ತೆ ಆಕೆಯನ್ನು 'ಅಡಿಗಿಯಾಕಿ' ಅನ್ನುತ್ತಿದ್ದರು, ವಾಡೆಯ ಮಂದಿ 'ಸ್ವೈಪಾಕೀಣ'. ನನಗೆ ಎರಡೂ ಹಿಡಿಸಲಿಲ್ಲ. ನನ್ನ ತಾಯಿಯ ವಯಸ್ಸಿನವಳು. ಒಂದು ದಿನ ನಾನೇ, ಚಿಕ್ಕಪ್ಪನ ಹೆಂಡತಿಯನ್ನು ಕರೆಯುವ ಹಾಗೆ, "ಕಾಕು" ಎಂದು ಕರೆದೆ.

ಆಕೆ ಲಟ್ಟಣಿಗೆ ಹಿಡಿದ ಕೈ ನಿಲ್ಲಿಸಿ ನನ್ನನ್ನು ನೋಡಿದಳು. "ಹಂಗ್ಯಾಕ ಕರೀತೀರಿ ವೈನಿ? ಮನ್ಯಾಗಿನ ಮಂದಿಗೆ ಅನ್ನೂ ಮಾತು ಅದು," ಅಂದಳು.

"ನೀವೂ ಮನ್ಯಾಗಿನವರರೀ," ಎಂದೆ ನಾನು. ಎಂಥ ದೊಡ್ಡ ಮನಸ್ಸು ನನ್ನದು ಎಂದು ಆ ದಿನವೆಲ್ಲ ನನಗೇ ಹೆಮ್ಮೆ.

ಮುಂದೆ ಕೆಲವು ತಿಂಗಳಲ್ಲಿ ನಾನು ಚೊಚ್ಚಲ ಬಾಣಂತನಕ್ಕೆ ಧಾರವಾಡಕ್ಕೆ ಹೋದೆ. ನಾನು ಅಲ್ಲಿರುವಾಗ ಪುಣೆಯಲ್ಲಿ ಮಾವನವರ ವರ್ಷದ ಶ್ರಾದ್ಧ ಬಂತು. ಶ್ರಾದ್ಧ ಮಾಡಿಸಲು ಊರ ಕಡೆಯಿಂದ ಬರುತ್ತಿದ್ದ ಆಚಾರ್ಯರು ಭಾರಿ ಕಟ್ಟುನಿಟ್ಟು. ಸಂಬಳದವರ ಕೈಯ ಅಡಿಗೆ ಪಿತೃಗಳಿಗೆ ಮುಟ್ಟುವುದಿಲ್ಲ, ಮನೆಯ ಹೆಂಗಸರೇ ಮಾಡಬೇಕು ಅನ್ನುವವರು. ಅತ್ತೆಯ ಕೈಯಲ್ಲಿ ಆಗದು, ಸೊಸೆ ಊರಲ್ಲಿಲ್ಲ. ಒಲೆಯ ಮುಂದೆ ಕೂತವಳು ಯಾರೆಂದು ಆಚಾರ್ಯರು ಕೇಳಿದಾಗ ಅತ್ತೆಯ ಬಾಯಿಗೆ ಸಿದ್ಧವಾಗಿ ಸಿಕ್ಕದ್ದು ನಾನು ಬಿಟ್ಟುಹೋದ ಮಾತು. "ಕಾಕು ಅವರು. ನಮ್ಮವರ ದೂರದ ತಮ್ಮನ ಹೆಂಡತಿ. ನಮ್ಮಲ್ಲೇ ಇರ್ತಾರ," ಅಂದರಂತೆ. ಆಚಾರ್ಯರು ತೃಪ್ತಿಯಾಗಿ ಉಂಡರು.

ಸುಳ್ಳನ್ನು ಒಂದು ದಿನ ಆಡಬಹುದು. ಆದರೆ ಆಚಾರ್ಯರು ಪುಣೆಯಲ್ಲಿ ಇನ್ನೂ ನಾಲ್ಕು ಮನೆಗಳಿಗೆ ಹೋಗುತ್ತಿದ್ದರು, ನಮ್ಮ ನೆಂಟರನ್ನು ಬಲ್ಲವರು. ನಮ್ಮಲ್ಲೇ ಇರುವವಳು ರಾತ್ರಿ ಬೇರೆ ವಾಡೆಗೆ ಮಲಗಲು ಹೋಗುವುದು ಹೇಗೆ? ಮೆಟ್ಟಿಲ ಕೆಳಗಿನ ಕೋಣೆಯನ್ನು ಬಿಡಿಸಿದರು. ನಾನು ಆರು ತಿಂಗಳ ಮಗಳನ್ನು ಎತ್ತಿಕೊಂಡು ಬಂದಾಗ ನಮ್ಮ ಉಗ್ರಾಣದ ಮೂಲೆಯಲ್ಲಿ ಆಕೆಯ ಹಾಸಿಗೆಯ ಸುರುಳಿ, ಒಂದು ತಗಡಿನ ಪೆಟ್ಟಿಗೆ. ಸಂಬಳ ನಿಂತಿರಲಿಲ್ಲ, ಅತ್ತೆ ಅದನ್ನು ಯಾರಿಗೂ ಕಾಣದ ಹಾಗೆ ಕೈಗೆ ಕೊಡುತ್ತಿದ್ದರು. ನಿಂತದ್ದು ಏಕಾದಶಿ.

ಬೇಡ ಎಂದು ಯಾರೂ ಅನ್ನಲಿಲ್ಲ. ನಮ್ಮ ಅತ್ತೆ ಕೆಟ್ಟವರಲ್ಲ, ಆ ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಏಕಾದಶಿ ಬಂದರೆ, "ಕಾಕು, ಇವತ್ತ ಒಬ್ಬಾಕಿಗೆ ಬ್ಯಾಸರ ಆಗ್ತದ, ನನ್ನ ಕೈಗೆ ಒಂಚೂರು ಎಣ್ಣಿ ತಿಕ್ಕಿ ಕೂಡ್ರಿ. ಮುಂದಿನ ಸಲ ಹೋದ್ರಾತು. ನಮ್ಮ ಮನಿ ನಿಮ್ಮ ಮನಿ ಅಲ್ಲೇನು?" ಅನ್ನುತ್ತಿದ್ದರು. ಅದಕ್ಕೆ ಏನು ಉತ್ತರ ಕೊಡಬೇಕು? ಮನೆಯವಳು ಮನೆಗೇ ಖಾಡಾ ಹಾಕುವುದುಂಟೇ? ತಿಂಗಳಿಗೆ ಎರಡು ಸಲ ಹೋಗುತ್ತಿದ್ದವಳು ಎರಡು ತಿಂಗಳಿಗೊಮ್ಮೆ ಹೋಗತೊಡಗಿದಳು. ಪಲ್ಯದ ಉಪ್ಪು ಯಾವಾಗಲೂ ಸರಿಯಾಗಿರುತ್ತಿತ್ತು. ಭಾಂಡಿ ತಿಕ್ಕುವವಳು ಮಾತ್ರ ಇದನ್ನೆಲ್ಲ ನೋಡಿ ನನಗೆ ಒಂದು ಸಲ ಅಂದಳು, "ತಿಲಾ ಕಾಕು ಕೇಲಂ, ಬಿಚಾರೀ ಅಡಕಲೀ." ಕಾಕು ಮಾಡಿಬಿಟ್ಟಿರಿ, ಪಾಪ, ಸಿಕ್ಕಿಬಿದ್ದಳು. ನನಗೆ ಸಿಟ್ಟು ಬಂತು. ಇವಳಿಗೆ ಪ್ರೀತಿಯ ಮಾತು ಏನು ಗೊತ್ತು ಅಂದುಕೊಂಡೆ.

ಆ ವರ್ಷ ತಳೇಗಾಂವದ ಮಗಳು ಬಸುರಾದಳು. ಚೊಚ್ಚಲ ಹೆರಿಗೆ ತಾಯಿಯ ಮನೆಯಲ್ಲಿ ಆಗಬೇಕು. ಆಕೆಯ ತಾಯಿಗೆ ಮನೆ ಎಲ್ಲಿದೆ? ಮೆಟ್ಟಿಲ ಕೆಳಗಿನ ಕೋಣೆ ಇದ್ದಿದ್ದರೆ ಅದರಲ್ಲೇ ಹೇಗೋ ಮಾಡುತ್ತಿದ್ದಳು. ಅದಾಗಲೇ ಬೇರೆಯವರ ಪಾಲಾಗಿತ್ತು. ಏಳು ತಿಂಗಳಾದಾಗ ಒಂದು ಮಧ್ಯಾಹ್ನ, ಎಲ್ಲರ ಊಟ ಮುಗಿದ ಮೇಲೆ, ಆಕೆ ಅತ್ತೆಯ ಮುಂದೆ ಬಂದು ಕೂತಳು. ನಾನು ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದೆ.

"ಮಗಳನ್ನ ಇಲ್ಲೇ ಕರ್ಕೊಂಡು ಬರ್ಲೇನ್ರಿ?" ಎಂದು ಕೇಳಿದಳು. "ಹಿತ್ತಲ ಕಟ್ಟಿಗಿ ಕೋಣಿ ಕೊಟ್ರ ಸಾಕು. ಬಾಣಂತನ ನಾನ ಮಾಡ್ತೀನಿ, ಅಡಿಗಿ ಸಹಿತ ಬಿಡೂದಿಲ್ಲ. ಒಂದ ತಿಂಗಳ ಮಾತು."

ಅತ್ತೆ ತಮ್ಮ ಸೊಟ್ಟ ಬೆರಳುಗಳನ್ನು ಒಂದೊಂದಾಗಿ ನೀವಿಕೊಂಡರು. "ಶ್ರಾದ್ಧ ಹತ್ತರ ಬಂತು ಕಾಕು," ಅಂದರು ಕೊನೆಗೆ. "ಮನ್ಯಾಗ ಹೆರಿಗಿ ಆದ್ರ ಮೈಲಿಗಿ. ಮತ್ತ ಅಕಿ ಏನು ನಮ್ಮ ಮನಿ ಹುಡುಗಿ ಅಲ್ಲಲಾ, ಮಂದಿ ಏನಂದಾರು? ಶ್ರಾದ್ಧ ಮುಗೀಲಿ, ನೀವ ಅಲ್ಲಿಗೆ ಹೋಗಿ ತಿಂಗಳ ಇದ್ದು ಬರ್ರಿ. ನಾ ಬ್ಯಾಡ ಅನ್ನೂದಿಲ್ಲ."

ತಾಯಿ ಕಾಕು, ಆಕೆಯ ಮಗಳು ಮಾತ್ರ ನಮ್ಮ ಮನೆಯ ಹುಡುಗಿಯಲ್ಲ. ಅಕ್ಕಿಯ ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನು ಇದನ್ನು ಕೇಳಿದೆ, ಕೇಳಿ ಕಲ್ಲು ಆರಿಸುತ್ತಾ ಕೂತೆ. ಒಂದು ಮಾತು ಆಡಬಹುದಿತ್ತು. ಸೊಸೆಯಾದವಳಿಗೆ ಆ ಕಾಲದಲ್ಲಿ ಬಾಯಿ ಎಲ್ಲಿತ್ತು ಎಂದು ನನ್ನನ್ನು ನಾನೇ ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡಿದ್ದೇನೆ. ಆಕೆ "ಆಗ್ಲಿರಿ" ಎಂದು ಎದ್ದು ಹೋದಳು. ಹೆರಿಗೆಗೆ ಇನ್ನೂ ಎರಡು ತಿಂಗಳಿತ್ತು, ಶ್ರಾದ್ಧಕ್ಕೆ ಐದು ವಾರ. ಲೆಕ್ಕಕ್ಕೆ ಎಲ್ಲವೂ ಸರಿಯಾಗಿತ್ತು.

ಶ್ರಾದ್ಧದ ಹಿಂದಿನ ದಿನ ನಾನು ಹೊರಗಾದೆ. ತಿಂಗಳ ಆ ಮೂರು ದಿನ ಹೆಂಗಸರು ಯಾರನ್ನೂ ಮುಟ್ಟದೆ ಬೇರೆ ಕೂಡುವ ಕಾಲ ಅದು. ಶ್ರಾದ್ಧದ ದಿನವಂತೂ ಯಾರ ಕಣ್ಣಿಗೂ ಬೀಳುವಂತಿಲ್ಲ. ಹಿತ್ತಲ ಬಾಗಿಲಿನ ಪಕ್ಕದ ಆ ಕಟ್ಟಿಗೆ ಕೋಣೆಯಲ್ಲಿಯೇ ಚಾಪೆ ಹಾಸಿಕೊಂಡು ಕೂಸನ್ನು ಕಟ್ಟಿಕೊಂಡು ಕೂತಿದ್ದೆ. ಎದುರಿಗೆ ಅಂಗಳ, ಅಂಗಳದ ಆಚೆ ಅಡಿಗೆಮನೆಯ ಕಿಟಕಿ. ಕಾಕು ಒದ್ದೆ ಸೀರೆಯಲ್ಲಿ ಓಡಾಡುವುದು ಕಾಣುತ್ತಿತ್ತು. ಉದ್ದಿನ ಹಿಟ್ಟು ರುಬ್ಬುವ ಸದ್ದು ಕೇಳುತ್ತಿತ್ತು.

ಒಂಬತ್ತರ ಸುಮಾರಿಗೆ ಹಿತ್ತಲ ಬಾಗಿಲನ್ನು ಯಾರೋ ಬಡಿದರು. ಮುಂಬಾಗಿಲಿಗೆ ಹೋದವನನ್ನು ಶ್ರಾದ್ಧದ ಮನೆಯೆಂದು ವಾಡೆಯವರು ಹಿತ್ತಲ ಕಡೆಗೆ ಕಳಿಸಿದ್ದರು. ತೆಗೆದೆ. ಒಬ್ಬ ಮುದುಕ, ತಳೇಗಾಂವದ ಅಳಿಯನ ಸೋದರಮಾವ. ಹುಡುಗಿಗೆ ದಿನ ತುಂಬುವ ಮೊದಲೇ ರಾತ್ರಿ ಹೆರಿಗೆ ಆಗಿದೆ, ಕೂಸು ಉಳಿಯಲಿಲ್ಲ, ರಕ್ತ ನಿಲ್ಲುತ್ತಿಲ್ಲ, ಅವ್ವ ಅವ್ವ ಅನ್ನುತ್ತಿದ್ದಾಳೆ, ಹತ್ತೂವರೆಯ ಗಾಡಿಗೆ ಕರೆದುಕೊಂಡು ಹೋಗಲು ಬಂದಿದ್ದೇನೆ ಎಂದು ಮರಾಠಿಯಲ್ಲಿ ಒಂದೇ ಉಸಿರಿಗೆ ಹೇಳಿದ.

ನಾನು ಅಡಿಗೆಮನೆಗೆ ಹೋಗುವಂತಿಲ್ಲ. ಅತ್ತೆ ತುಳಸಿಗೆ ನೀರು ಹಾಕಲು ಬಂದಾಗ ದೂರದಿಂದಲೇ ಕೈಮಾಡಿ ಕರೆದೆ. ಅವರು ಬಂದರು, ಕೇಳಿದರು, ಅವರ ಮುಖ ಬಿಳಿಚಿತು. ನಾನು ನೋಡಿದೆ, ನಿಜವಾಗಿ ಬಿಳಿಚಿತು. ಒಳಗೆ ಆಚಾರ್ಯರು ಸಂಕಲ್ಪ ಹೇಳಿಸುತ್ತಿದ್ದರು. ನನ್ನ ಗಂಡ ದರ್ಭೆಯ ಪವಿತ್ರ ಹಾಕಿಕೊಂಡು ಕೂತಿದ್ದರು.

"ಈಗ ಹೇಳಬ್ಯಾಡ," ಅಂದರು ಅತ್ತೆ ಪಿಸುದನಿಯಲ್ಲಿ. "ಸುದ್ದಿ ಕೇಳಿದ್ರ ಅಳ್ತಾಳ. ಶ್ರಾದ್ಧದ ಅಡಿಗಿಯೊಳಗ ಕಣ್ಣೀರು ಬೀಳಬಾರದು. ಅಕಿ ಎದ್ದು ಹೋದ್ರ ಮಾಡಾವರು ಯಾರು? ಮನಿಯಾಕಿನ ನಟ್ಟನಡುವ ಎದ್ದು ಹೋದಳು ಅಂದ್ರ ಆಚಾರ್ಯರಿಗೆ ಏನ ಹೇಳ್ಲಿ? ಪಿಂಡ ಆಗ್ಲಿ. ನಾಕರ ಗಾಡಿಗೆ ಕಳಸೂಣು." ಮುದುಕನಿಗೆ, ನೀನು ಹೋಗಿರು, ಆಕೆ ನಾಲ್ಕರ ಗಾಡಿಗೆ ಬರುತ್ತಾಳೆ ಎಂದು ಹೇಳಿದರು. ಆತ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಆತ ಹುಡುಗಿಗೆ ಔಷಧಿಯನ್ನೂ ಕೊಂಡು ಹತ್ತೂವರೆಯ ಗಾಡಿ ಹಿಡಿಯಬೇಕಿತ್ತು, ಹೊರಟುಹೋದ.

ಅತ್ತೆ ಒಳಗೆ ಹೋದ ಸ್ವಲ್ಪ ಹೊತ್ತಿಗೆ ಕಾಕು ಕಿಟಕಿಗೆ ಬಂದಳು. ಮಡಿಯಲ್ಲಿದ್ದವರು ಹೊರಗಾದವಳ ಜೊತೆ ಮಾತಾಡಬಾರದು. ಆದರೂ ಸರಳಿನ ಹತ್ತಿರ ಮುಖ ತಂದು ಕೇಳಿದಳು, "ಗಂಡಸಿನ ದನಿ ಕೇಳ್ತು. ಯಾರ ಬಂದಿದ್ರು?"

ಅಂಗಳದ ಅಗಲ ಹತ್ತು ಹೆಜ್ಜೆ ಇರಬೇಕು. ಹೇಳಲು ನಾನು ಯಾರನ್ನೂ ಮುಟ್ಟಬೇಕಾಗಿರಲಿಲ್ಲ, ಯಾವ ಮಡಿಯನ್ನೂ ಕೆಡಿಸಬೇಕಾಗಿರಲಿಲ್ಲ, ಬಾಯಿ ತೆರೆದರೆ ಸಾಕಿತ್ತು. ಹತ್ತೂವರೆಯ ಗಾಡಿಗೆ ಇನ್ನೂ ಒಂದು ತಾಸಿನ ಮೇಲೆ ಸಮಯವಿತ್ತು. ಅತ್ತೆಯ ಹೆದರಿಕೆ, ಗಂಡನ ಹೆದರಿಕೆ, ಸತ್ತ ಮಾವನವರ ಹೆದರಿಕೆ, ಎಲ್ಲ ಸೇರಿ ನನ್ನ ನಾಲಿಗೆಯನ್ನು ಹಿಡಿದವು.

"ಗೌಳ್ಯಾರೀ ಕಾಕು," ಅಂದೆ. "ಹಾಲು ಬೇಕೇನು ಅಂತ ಕೇಳಿದ."

ಆಕೆ ತಲೆಯಾಡಿಸಿ ಒಳಗೆ ಹೋದಳು. ಮುಂದೆ ಐದಾರು ತಾಸು ನಾನು ಅಲ್ಲಿಯೇ ಕೂತಿದ್ದೆ. ವಡೆ ಕರಿಯುವ ವಾಸನೆ ಬಂತು, ಎಳ್ಳು ಹುರಿದ ವಾಸನೆ ಬಂತು. ಹತ್ತೂವರೆ ಆಯಿತು, ವಾಡೆಯ ಯಾರದೋ ಗಡಿಯಾರ ಹನ್ನೊಂದು ಹೊಡೆಯಿತು. ಈಗ ಹೇಳಿಬಿಡಲೇ, ಈಗ ಹೇಳಿಬಿಡಲೇ ಎಂದು ಎಷ್ಟು ಸಲ ಎದ್ದು ನಿಂತೆನೋ. ಈಗ ಹೇಳಿದರೂ ಗಾಡಿ ಇಲ್ಲ ಎಂದು ಮತ್ತೆ ಕೂತೆ. ಕೂಸು ಅತ್ತರೆ ಬಾಯಿಗೆ ಮೊಲೆ ಕೊಟ್ಟು ಸುಮ್ಮನಾಗಿಸುತ್ತಿದ್ದೆ, ಅದರ ಅಳು ಕೇಳಿ ಆಕೆ ಮತ್ತೆ ಕಿಟಕಿಗೆ ಬಂದಾಳು ಎಂದು.

ಬ್ರಾಹ್ಮಣರ ಊಟವಾಗಿ, ಪಿಂಡಪ್ರದಾನವಾಗಿ, ಆಚಾರ್ಯರು ಎಲೆಯಡಿಕೆ ಹಾಕಿಕೊಂಡು ಮುಂದಿನ ಪಡಸಾಲೆಯಲ್ಲಿ ಅಡ್ಡಾದ ಮೇಲೆ, ಮೂರು ಗಂಟೆಯ ಸುಮಾರಿಗೆ ಅತ್ತೆ ಆಕೆಯನ್ನು ಉಗ್ರಾಣಕ್ಕೆ ಕರೆದು ಹೇಳಿದರು. ನನಗೆ ಏನೂ ಕೇಳಿಸಲಿಲ್ಲ. ಕೂಗಾಟ ಅಳು ಇರಲಿಲ್ಲ. ಆಕೆ ಹಿತ್ತಲ ಬಾಗಿಲಿಂದಲೇ ಹೊರಗೆ ಬಂದಳು, ಕೈಗೆ ಇನ್ನೂ ಹಿಟ್ಟು ಅಂಟಿತ್ತು, ಬೆಳಿಗ್ಗೆಯಿಂದ ಒಂದು ತುತ್ತು ತಿಂದಿರಲಿಲ್ಲ. ನನ್ನ ಕಡೆ ನೋಡದೆ ಹೋದಳು. ನನ್ನ ಗಂಡ ಟಾಂಗಾ ಮಾಡಿಕೊಂಡು ಸ್ಟೇಶನ್ನಿನವರೆಗೆ ಕಳಿಸಿ ಬಂದರು. ಆಕೆ ನಾಲ್ಕರ ಗಾಡಿ ಹತ್ತುವ ಹೊತ್ತಿಗೆ ಮಗಳು ತೀರಿಕೊಂಡು ಎರಡು ತಾಸಾಗಿತ್ತು. ಹತ್ತೂವರೆಯ ಗಾಡಿಗೆ ಹೋಗಿದ್ದರೆ ಆ ಹುಡುಗಿ ಬದುಕುತ್ತಿರಲಿಲ್ಲ, ಅದು ನನಗೂ ಗೊತ್ತು. ಆದರೆ ಅವ್ವನನ್ನು ನೋಡುತ್ತಿದ್ದಳು.

ಮರುದಿನ ಅಂಗಳದಲ್ಲಿ ಭಾಂಡಿ ತಿಕ್ಕುತ್ತಿದ್ದವಳು ತಲೆ ಎತ್ತದೆ ಅಂದಳು, "ಮೋಲಕರೀಣ ಅಸತೀ, ತರ ಗೇಲೀ ಅಸತೀ." ಬರೀ ಕೆಲಸದವಳಾಗಿದ್ದರೆ ಹೋಗಿರುತ್ತಿದ್ದಳು. ಈ ಸಲ ನನಗೆ ಸಿಟ್ಟು ಬರಲಿಲ್ಲ. ಬೆಲೆಗೆ ಕೆಲಸ ಮಾಡುವವಳ ಕೆಲಸಕ್ಕೆ ಒಂದು ಗಡಿಯಿದೆ, ಅದರ ಆಚೆಗೆ ಆಕೆ ತನ್ನ ಮಕ್ಕಳಿಗೆ ಸೇರಿದವಳು. ಆಕೆಯನ್ನು ಕರೆಯುವ ಶಬ್ದದಲ್ಲಿಯೇ ಅದು ಇದೆ. ನಾನು ಪ್ರೀತಿಯೆಂದು ಕೊಟ್ಟ ಮಾತು ಆ ಗಡಿಯನ್ನು ಅಳಿಸಿಹಾಕಿತ್ತು, ಅಷ್ಟನ್ನು ತಿಳಿಯಲು ನನಗೆ ಒಂದು ಹೆಣ ಬೇಕಾಯಿತು.

ಹದಿನೈದು ದಿನ ಬಿಟ್ಟು ಆಕೆ ಮರಳಿ ಬಂದಳು. ಬಾರದೆ ಎಲ್ಲಿಗೆ ಹೋಗಬೇಕು? ಹೆಂಡತಿ ಸತ್ತ ಅಳಿಯನ ಮನೆಯಲ್ಲಿ ಅತ್ತೆಗೆ ಜಾಗವಿಲ್ಲ, ಪುಣೆಯಲ್ಲಿ ಕೋಣೆಯಿಲ್ಲ. ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ನಾನು ಏನು ಹೇಳಬೇಕೆಂದು ತಿಳಿಯದೆ, "ಬರ್ರಿ ಕಾಕು," ಅಂದೆ.

"ಅವ ಒಂಬತ್ತಕ್ಕ ಬಂದಿದ್ದನಂತ," ಅಂದಳು. ದನಿ ಎತ್ತಲಿಲ್ಲ. "ವೈನಿ, ಇನ್ನ ಮ್ಯಾಲೆ ಕಾಕು ಅನಬ್ಯಾಡ್ರಿ. ಅಡಿಗಿಯಾಕಿ ಅನ್ರಿ."

ನಾನು ಅತ್ತೆಗೆ ಹೋಗಿ ಹೇಳಿದೆ. ನನ್ನ ಜನ್ಮದಲ್ಲಿ ಅವರೆದುರು ಅಷ್ಟು ಮಾತಾಡಿದ್ದು ಅದೇ ಮೊದಲು. ಅತ್ತೆ ಕಣ್ಣೀರು ಹಾಕಿದರು, ಆದರೆ ಆಗಲಿ ಅನ್ನಲಿಲ್ಲ. ಎರಡು ವರ್ಷದ ಶ್ರಾದ್ಧ ಸಂಬಳದಾಕೆಯ ಕೈಯಿಂದ ಆಗಿತ್ತೆಂದು ಆಚಾರ್ಯರಿಗೆ ತಿಳಿದರೆ ತಮ್ಮ ಗಂಡನ ಗತಿ ಏನು ಎಂಬ ಭಯ ಅವರಿಗೆ. ಅವರನ್ನು ಬೈಯಲೂ ನನ್ನಿಂದ ಆಗುವುದಿಲ್ಲ. ಅವರು ಕಾಕು ಎಂದೇ ಕರೆದರು. ನಾನು ಏನೂ ಕರೆಯದೆ, "ಏನ್ರೀ", "ಇಲ್ಲಿ ನೋಡ್ರಿ" ಎಂದು ದಿನ ನೂಕಿದೆ. ಆಕೆಗೆ ಬೇಕಾಗಿದ್ದ ಒಂದು ಶಬ್ದವನ್ನು ಆ ಮನೆಯಲ್ಲಿ ಯಾರೂ ಕೊಡಲಿಲ್ಲ.

ವರ್ಷ ತಿರುಗಿತು. ಮತ್ತೆ ಶ್ರಾದ್ಧ ಬಂತು, ಮತ್ತೆ ಅದೇ ಆಚಾರ್ಯರು. ಈ ಸಲ ನಾನೂ ಮಡಿಯಲ್ಲಿದ್ದೆ, ಅಡಿಗೆಗೆ ಕೈಗೂಡಿಸಲು. ಬೆಳಗಿನ ಜಾವ ಆಕೆ ಮಿಂದು ಒದ್ದೆ ಸೀರೆಯಲ್ಲಿ ಬಂದಳು. ಒಲೆಯ ಹತ್ತಿರ ಹೋಗುವ ಮೊದಲು ನನ್ನ ಎದುರಿಗೆ ನಿಂತಳು.

"ಇವತ್ತ ನನ್ನ ಕೇಳ್ಕೊಂಡು ಯಾರರೆ ಬಂದ್ರ," ಅಂದಳು, "ಮೊದಲ ನನಗ ಹೇಳ್ರಿ."

ಆಕೆಯನ್ನು ಕೇಳಿಕೊಂಡು ಬರುವವರು ಈ ಲೋಕದಲ್ಲಿ ಯಾರೂ ಉಳಿದಿರಲಿಲ್ಲ. ಅದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. "ಹೇಳ್ತೀನ್ರಿ," ಅಂದೆ. ಆಕೆ ಒಳಗೆ ಹೋಗಿ ಒಲೆ ಹೊತ್ತಿಸಿದಳು.